ರೈತರ ಮನೆಯಲ್ಲಿ ಹೊಗೆಗಂಟೆ: ಅಳವಡಿಕೆ ಮತ್ತು ಪಾಲನೆ

ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಎಂಬ ಗಾದೆಯನ್ನು ಕೇಳದ ರೈತರಿಲ್ಲ. ಆದರೂ ಬಿತ್ತನೆ, ಗೊಬ್ಬರ, ಔಷಧಿ ಸಿಂಪರಣೆಗಳ ಬಗೆಗೆ ವಹಿಸುವ ಎಚ್ಚರಿಕೆಯನ್ನು ಬೆಳೆದ ಮಾಲನ್ನೂ ಮನೆಯ ಮಂದಿಯನ್ನೂ ಬೆಂಕಿಯಿಂದ ಕಾಪಾಡುವುದರಲ್ಲಿ ನಾವು ವಹಿಸುವುದು ಕಡಿಮೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ಭಾಗದಲ್ಲಿ ರೈತನ ಮನೆಯು ಕೇವಲ ವಾಸದ ಮನೆಯಲ್ಲ. ಜೋಳ, ಕಡಲೆ, ಶೇಂಗಾ ಚೀಲಗಳು ಪಡಸಾಲೆಯಲ್ಲಿರುತ್ತವೆ. ಬಿಡಿಸಿ ತಂದ ಹತ್ತಿ ಒಂದು ಕೋಣೆಯ ತುಂಬ ಇರುತ್ತದೆ. ದನಗಳು ತಲೆಬಾಗಿಲಿನ ಪಕ್ಕದಲ್ಲಿಯೇ ಇರುತ್ತವೆ. ಹಿತ್ತಲಲ್ಲಿ ಹತ್ತಿ ಕಟ್ಟಿಗೆ, ಕುಳ್ಳು, ಕಣಿಕೆಯ ಬಣವೆ ಇರುತ್ತವೆ. ಹಳೆಯ ತೊಲೆ-ಜಂತಿಗಳ ಮೇಲೆ ವಿದ್ಯುತ್ ತಂತಿ ಹಾಯ್ದಿರುತ್ತದೆ. ಇಂಥ ಮನೆಯಲ್ಲಿ ರಾತ್ರಿ ಒಂದು ಕಿಡಿ ಬಿದ್ದರೆ ವರ್ಷದ ದುಡಿಮೆಯೊಂದಿಗೆ ಮಲಗಿದವರ ಜೀವವೂ ಅಪಾಯಕ್ಕೆ ಈಡಾಗುತ್ತದೆ.

ಈ ಅಪಾಯವನ್ನು ಮೊದಲ ಹಂತದಲ್ಲಿಯೇ ತಿಳಿಸುವ ಒಂದು ಚಿಕ್ಕ ಉಪಕರಣವಿದೆ. ಅಂಗಡಿಯಲ್ಲಿ ಇದನ್ನು ಸ್ಮೋಕ್ ಅಲಾರಂ ಎಂದು ಕೇಳಬೇಕು. ಈ ಲೇಖನದಲ್ಲಿ ಇದನ್ನು ಹೊಗೆಗಂಟೆ ಎಂದು ಕರೆಯಲಾಗಿದೆ. ಇದನ್ನು ಕೂಡ್ರಿಸುವುದು ಸುಲಭ. ಆದರೆ ಕೂಡ್ರಿಸಿ ಮರೆತರೆ ಪ್ರಯೋಜನವಿಲ್ಲ. ಬ್ಯಾಟರಿ ಸತ್ತ ಗಂಟೆಯನ್ನು ನಂಬಿ ಮಲಗುವುದು ಗಂಟೆಯೇ ಇಲ್ಲದಿರುವುದಕ್ಕಿಂತ ಹೆಚ್ಚು ಅಪಾಯಕಾರಿ. ಆದ್ದರಿಂದ ಅದರ ಪಾಲನೆಯ ವಿಷಯವನ್ನು ಇಲ್ಲಿ ವಿವರವಾಗಿ ಹೇಳಲಾಗಿದೆ.

ಹತ್ತಿಯ ಬೆಂಕಿಯ ಸ್ವಭಾವ

ಕಣಿಕೆಯ ಬಣವೆಗೆ ಬೆಂಕಿ ತಗುಲಿದರೆ ಕೂಡಲೆ ಉರಿ ಏಳುತ್ತದೆ, ಊರೆಲ್ಲ ನೋಡುತ್ತದೆ. ಹತ್ತಿಯ ಸ್ವಭಾವ ಬೇರೆ. ರಾಶಿಯ ಮೇಲ್ಮೈಯ ಎಳೆಗಳು ಒಮ್ಮೆ ಭಗ್ಗೆಂದು ಉರಿದು ಆರಿದಂತೆ ಕಂಡರೂ ಬೆಂಕಿ ಒಳಗೆ ಉಳಿಯುತ್ತದೆ. ಒಂದು ಬೀಡಿಯ ತುಂಡು ಅಥವಾ ತಂತಿಯ ಕಿಡಿ ಹತ್ತಿಯೊಳಗೆ ಸೇರಿದರೆ ಎಳೆಗಳ ನಡುವೆ ಸಿಕ್ಕಿಕೊಂಡಿರುವ ಗಾಳಿಯನ್ನೇ ಉಪಯೋಗಿಸಿಕೊಂಡು ಬೆಂಕಿ ಒಳಗೊಳಗೇ ಹಬ್ಬುತ್ತದೆ. ಗಂಟೆಗಟ್ಟಲೆ ಉರಿ ಕಾಣದೆ ಬರೀ ಹೊಗೆ ಬರುತ್ತಿರಬಹುದು. ನಂತರ ಬಾಗಿಲು ತೆರೆದು ಗಾಳಿ ನುಗ್ಗಿದಾಗ ಒಮ್ಮೆಲೆ ಉರಿ ಏಳುತ್ತದೆ.

ಹೀಗೆ ಹೊಗೆಯಾಡುವ ಬೆಂಕಿಯಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹೊರಬರುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಇದು ರಕ್ತದಲ್ಲಿ ಸೇರಿ ಶರೀರಕ್ಕೆ ಆಮ್ಲಜನಕ ದೊರೆಯದಂತೆ ಮಾಡುತ್ತದೆ. ಮಲಗಿದವರು ಎಚ್ಚರಗೊಳ್ಳದೆಯೇ ಪ್ರಜ್ಞೆ ತಪ್ಪುವುದುಂಟು. ಬೆಂಕಿಯ ಅನಾಹುತಗಳಲ್ಲಿ ಅನೇಕರು ಸಾಯುವುದು ಸುಟ್ಟ ಗಾಯದಿಂದಲ್ಲ, ಹೊಗೆಯಿಂದ.

"ಹೊಗೆ ಬಂದರೆ ವಾಸನೆಗೆ ಎಚ್ಚರವಾಗುವುದಿಲ್ಲವೇ?" ಎಂದು ಹಲವರು ಕೇಳಬಹುದು. ಗಾಢ ನಿದ್ರೆಯಲ್ಲಿರುವ ಮನುಷ್ಯನನ್ನು ಹೊಗೆಯ ವಾಸನೆ ಎಬ್ಬಿಸುತ್ತದೆಂದು ನಂಬುವಂತಿಲ್ಲ. ಆದರೆ ನಿದ್ರೆಯಲ್ಲಿಯೂ ಕಿವಿ ಕೆಲಸ ಮಾಡುತ್ತಿರುತ್ತದೆ. ಹೊಗೆಯನ್ನು ಕಂಡು ಸದ್ದು ಮಾಡುವುದೇ ಹೊಗೆಗಂಟೆಯ ಕೆಲಸ.

ಹೊಗೆಗಂಟೆ ಹೇಗೆ ಕೆಲಸ ಮಾಡುತ್ತದೆ?

ಮಾಳಿಗೆ ಮನೆಯ ಬೆಳಕಿಂಡಿಯಿಂದ ಬಿಸಿಲಿನ ಕೋಲು ಒಳಗೆ ಬೀಳುವುದನ್ನು ನೀವು ನೋಡಿದ್ದೀರಿ. ಕಸ ಗುಡಿಸಿದಾಗ ಅದೇ ಕೋಲು ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಏಕೆಂದರೆ ಧೂಳಿನ ಕಣಗಳು ಬೆಳಕನ್ನು ಎಲ್ಲ ಕಡೆಗೂ ಚದರಿಸುತ್ತವೆ. ಹೊಗೆಗಂಟೆಯೂ ಇದೇ ತತ್ವದ ಮೇಲೆ ಕೆಲಸ ಮಾಡುತ್ತದೆ. ಅದರೊಳಗೆ ಒಂದು ಕತ್ತಲೆಯ ಗೂಡು, ಒಂದು ಚಿಕ್ಕ ದೀಪ ಮತ್ತು ದೀಪಕ್ಕೆ ನೇರವಾಗಿರದ ಒಂದು ಬೆಳಕಿನ ಕಣ್ಣು ಇರುತ್ತವೆ. ಗೂಡು ಸ್ವಚ್ಛವಿರುವಾಗ ದೀಪದ ಬೆಳಕು ಕಣ್ಣಿಗೆ ತಲುಪುವುದಿಲ್ಲ. ಹೊಗೆ ಸೇರಿದೊಡನೆ ಬೆಳಕು ಚದರಿ ಕಣ್ಣಿನ ಮೇಲೆ ಬೀಳುತ್ತದೆ, ಕೂಡಲೆ ಗಂಟೆ ಕೂಗುತ್ತದೆ. 3 ಮೀಟರ್ ದೂರದಲ್ಲಿ ಅದರ ಸದ್ದು ಸುಮಾರು 85 ಡೆಸಿಬೆಲ್ ಇರುತ್ತದೆ.

ಇದರಿಂದ ಇನ್ನೊಂದು ವಿಷಯ ತಿಳಿಯುತ್ತದೆ. ಗಂಟೆಗೆ ಹೊಗೆಯ ಕಣ ಬೇರೆ, ಧೂಳಿನ ಕಣ ಬೇರೆ ಎಂಬ ಭೇದ ತಿಳಿಯದು. ಧೂಳು, ಹತ್ತಿಯ ನವಿರು, ಜೇಡ, ಒಗ್ಗರಣೆಯ ಹೊಗೆ, ಬಿಸಿನೀರಿನ ಹಬೆ, ಯಾವುದು ಸೇರಿದರೂ ಅದು ಕೂಗಬಹುದು. ಧೂಳು ಕಿಂಡಿಗಳನ್ನು ಪೂರ್ತಿ ಮುಚ್ಚಿದರೆ ನಿಜವಾದ ಹೊಗೆ ಬಂದಾಗಲೂ ಕೂಗದೆ ಇರಬಹುದು.

ಕೊಳ್ಳುವಾಗ ನೋಡಬೇಕಾದ ಅಂಶಗಳು

1. ಗಂಟೆ ಮತ್ತು ಬ್ಯಾಟರಿ ಎರಡೂ ಒಳಗೇ ಇರುವಂಥದ್ದನ್ನು ಕೊಳ್ಳಿರಿ. ಕಚೇರಿ, ಕಾರ್ಖಾನೆಗಳಲ್ಲಿ ಹಾಕುವ ಹೊಗೆ ಸೂಚಕಗಳು ನೋಡಲು ಹೀಗೆಯೇ ಇದ್ದರೂ ಬೇರೊಂದು ಫಲಕಕ್ಕೆ ತಂತಿ ಜೋಡಿಸದ ಹೊರತು ಕೂಗುವುದಿಲ್ಲ. ತಿಳಿಯದೆ ಅವನ್ನು ತಂದು ಮನೆಯಲ್ಲಿ ಕೂಡ್ರಿಸಿದರೆ ಹಣ ವ್ಯರ್ಥ. ಅಂಗಡಿಯಲ್ಲಿಯೇ ಪರೀಕ್ಷೆಯ ಗುಂಡಿ ಒತ್ತಿಸಿ ಸದ್ದು ಕೇಳಿರಿ.

2. ಮೇಲೆ ಹೇಳಿದ ಬೆಳಕಿನ ಕಣ್ಣಿನ ಮಾದರಿಯನ್ನೇ ಆರಿಸಿರಿ. ಇದನ್ನು ಫೋಟೋ ಎಲೆಕ್ಟ್ರಿಕ್ ಅಥವಾ ಆಪ್ಟಿಕಲ್ ಎನ್ನುತ್ತಾರೆ. ಅಯೊನೈಸೇಷನ್ ಎಂಬ ಇನ್ನೊಂದು ಮಾದರಿಯು ಭಗ್ಗನೆ ಉರಿಯುವ ಬೆಂಕಿಯನ್ನು ಬೇಗ ಗುರುತಿಸುತ್ತದೆ. ಆದರೆ ಹತ್ತಿ, ಹಾಸಿಗೆ, ಗೋಣಿಚೀಲಗಳ ಹೊಗೆಯಾಡುವ ಬೆಂಕಿಗೆ ಬೆಳಕಿನ ಕಣ್ಣಿನ ಮಾದರಿಯೇ ಮೇಲು.

3. ಡಬ್ಬಿಯ ಮೇಲೆ ಇ.ಎನ್. 14604 ಅಥವಾ ಯು.ಎಲ್. 217 ಎಂಬ ಗುಣಮಟ್ಟದ ಗುರುತು ಇದೆಯೇ ಎಂದು ನೋಡಿರಿ. ತಯಾರಾದ ದಿನಾಂಕವನ್ನು ಹಿಂಬದಿಯಲ್ಲಿ ಮುದ್ರಿಸಿರುತ್ತಾರೆ.

4. ಬರೀ ವಿದ್ಯುತ್ತಿನಿಂದ ನಡೆಯುವಂಥದ್ದು ಬೇಡ. ಕರೆಂಟು ಹೋದಾಗ ಹಚ್ಚಿಟ್ಟ ಚಿಮಣಿ, ಮೇಣದ ಬತ್ತಿಗಳಿಂದಲೇ ಅಪಾಯ ಹೆಚ್ಚು. ಆ ಹೊತ್ತಿನಲ್ಲಿ ಗಂಟೆಯೂ ಸುಮ್ಮನಿರಬಾರದು.

ಎಲ್ಲಿ ಕೂಡ್ರಿಸಬೇಕು?

ಹೊಗೆ ಮೇಲಕ್ಕೆ ಏರುತ್ತದೆ. ಆದ್ದರಿಂದ ಗಂಟೆಯನ್ನು ಚಾವಣಿಗೆ ಕೂಡ್ರಿಸಬೇಕು. ಗೋಡೆಗೇ ಕೂಡ್ರಿಸುವುದಾದರೆ ಚಾವಣಿಯಿಂದ 4 ಅಂಗುಲ ಬಿಟ್ಟು 12 ಅಂಗುಲದೊಳಗೆ ಇರಲಿ. ಗೋಡೆಯೂ ಚಾವಣಿಯೂ ಕೂಡುವ ಮೂಲೆಯಲ್ಲಿ ಹೊಗೆ ಸರಿಯಾಗಿ ಸೇರುವುದಿಲ್ಲ.

ಮನೆಯ ಮಾದರಿಗೆ ತಕ್ಕಂತೆ ಈ ಕೆಳಗಿನ ಅಂಶಗಳನ್ನು ಗಮನಿಸಿರಿ.

ಮಣ್ಣಿನ ಮಾಳಿಗೆ: ತೊಲೆಯ ಕೆಳಮೈಗೆ ಕೂಡ್ರಿಸಬಹುದು. ಬೆಳಕಿಂಡಿಯ ಹತ್ತಿರ ಬೇಡ. ಅಲ್ಲಿ ಗಾಳಿಯಾಡಿ ಹೊಗೆ ಗಂಟೆಗೆ ತಲುಪದೆ ಹೊರಗೆ ಹೋಗುತ್ತದೆ. ಮಾಳಿಗೆಯಿಂದ ಮಣ್ಣು ಉದುರುವ ಜಾಗವನ್ನೂ ಬಿಡಬೇಕು.

ಹಂಚಿನ ಮನೆ: ಮಳೆ ಹೆಚ್ಚಿರುವ ಕಿತ್ತೂರಿನ ಕಡೆಗೆ ಇಳಿಜಾರು ಹಂಚಿನ ಮನೆಗಳುಂಟು. ಇಲ್ಲಿ ನೆತ್ತಿಯ ತುತ್ತತುದಿಯ 4 ಅಂಗುಲ ಬಿಟ್ಟು, ನೆತ್ತಿಯಿಂದ 3 ಅಡಿಯೊಳಗೆ ಕೂಡ್ರಿಸಿರಿ. ಮಳೆಯ ಹನಿ ಬೀಳದಂತೆ ನೋಡಿಕೊಳ್ಳಿರಿ.

ತಗಡಿನ ಮನೆ: ಸವದತ್ತಿ, ರಾಮದುರ್ಗದ ಬೇಸಿಗೆಯಲ್ಲಿ ತಗಡಿನ ಅಡಿಯ ಗಾಳಿ ಬಹಳ ಕಾಯುತ್ತದೆ. ಸಾಮಾನ್ಯ ಹೊಗೆಗಂಟೆಗಳು ಸುಮಾರು 40 ಡಿಗ್ರಿ ಸೆಲ್ಸಿಯಸ್ ಶಾಖದವರೆಗೆ ಮಾತ್ರ ಯೋಗ್ಯ. ಇದಲ್ಲದೆ ಹಗಲಿನಲ್ಲಿ ತಗಡಿನ ಕೆಳಗಿನ ಬಿಸಿಗಾಳಿಯ ಪದರು ಹೊಗೆಯನ್ನು ಮೇಲೇರಗೊಡುವುದಿಲ್ಲ. ಆದ್ದರಿಂದ ತಗಡಿಗೆ ಅಂಟಿಸದೆ, ಕೆಳಗೆ ಚಾವಣಿಯ ಹಲಗೆ ಇದ್ದರೆ ಅದಕ್ಕೆ, ಇಲ್ಲದಿದ್ದರೆ ಒಳಗೋಡೆಗೆ ತಗಡಿನಿಂದ ಸುಮಾರು 12 ಅಂಗುಲ ಕೆಳಗೆ ಕೂಡ್ರಿಸುವುದು ಮೇಲು.

ಮೊದಲನೆಯ ಗಂಟೆ ಮಲಗುವ ಜಾಗದಲ್ಲಿರಲಿ. ಎರಡನೆಯದು ಹತ್ತಿ ಇಟ್ಟ ಕೋಣೆಯಲ್ಲಿರಲಿ. ಹತ್ತಿಯ ರಾಶಿ ಚಾವಣಿಗೆ ಮುಟ್ಟಿ ಗಂಟೆಯನ್ನು ಮುಚ್ಚಬಾರದು. ಒಂದೇ ಗಂಟೆ ಕೊಳ್ಳಲು ಸಾಧ್ಯವಿದ್ದರೆ ಮಲಗುವ ಜಾಗಕ್ಕೂ ಹತ್ತಿಯ ಕೋಣೆಗೂ ನಡುವಿನ ಪಡಸಾಲೆಯಲ್ಲಿ ಕೂಡ್ರಿಸಿರಿ.

ಕಟ್ಟಿಗೆ ಒಲೆಯ ಮನೆಯಲ್ಲಿ ಏನು ಮಾಡಬೇಕು?

ಹೊಗೆಗಂಟೆಯ ದೊಡ್ಡ ಶತ್ರು ದಿನನಿತ್ಯದ ಸುಳ್ಳು ಕೂಗು. ಮೆಣಸಿನಕಾಯಿ ಹುರಿದಾಗೊಮ್ಮೆ, ರೊಟ್ಟಿ ಸುಟ್ಟಾಗೊಮ್ಮೆ ಗಂಟೆ ಕೂಗಿದರೆ ಮೂರನೆಯ ದಿನ ಮನೆಯವರು ಬ್ಯಾಟರಿ ತೆಗೆದಿಡುತ್ತಾರೆ. ಅಮೆರಿಕದಲ್ಲಿ ಬೆಂಕಿ ಬಿದ್ದ ಮನೆಗಳಲ್ಲಿ ಗಂಟೆ ಇದ್ದೂ ಕೂಗದಿರಲು ಕಾರಣವೇನೆಂದು ಪರಿಶೀಲಿಸಿದಾಗ ಬ್ಯಾಟರಿ ತೆಗೆದಿಟ್ಟದ್ದು ಅಥವಾ ಬೇರ್ಪಡಿಸಿದ್ದೇ ಮುಖ್ಯ ಕಾರಣವೆಂದು ಕಂಡುಬಂದಿದೆ. ಯಂತ್ರದ ದೋಷಕ್ಕಿಂತ ಮನುಷ್ಯನ ಬೇಸರವೇ ಹೆಚ್ಚು ಹಾನಿ ಮಾಡಿದೆ.

ಆದ್ದರಿಂದ ಒಲೆಯಿಂದ ಕನಿಷ್ಠ 10 ಅಡಿ ದೂರ ಇರಿಸಿರಿ. ದೇವರ ಕೋಣೆ, ಬಚ್ಚಲು ಮನೆ, ಬೇವಿನ ಸೊಪ್ಪಿನ ಹೊಗೆ ಹಾಕುವ ದನದ ಮನೆಗಳಲ್ಲಿ ಹೊಗೆಗಂಟೆ ಬೇಡ. ಅಡಿಗೆ ಮನೆಗೆ ಬೇಕೇ ಬೇಕೆಂದರೆ ಶಾಖಕ್ಕೆ ಮಾತ್ರ ಕೂಗುವ ಹೀಟ್ ಅಲಾರಂ ದೊರೆಯುತ್ತದೆ. ಅದು ಸುಮಾರು 57 ಡಿಗ್ರಿ ಶಾಖಕ್ಕೆ ಕೂಗುತ್ತದೆ, ಹೊಗೆಗೆ ಕೂಗುವುದಿಲ್ಲ. ಆದರೆ ಮಲಗುವ ಜಾಗದ ಹೊಗೆಗಂಟೆಗೆ ಅದು ಬದಲಿಯಲ್ಲ.

ಒಲೆಯ ಹೊಗೆ ಮನೆಯೆಲ್ಲ ತುಂಬುತ್ತಿದ್ದರೆ ಮೊದಲು ಒಲೆಯನ್ನು ಸುಧಾರಿಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರವು ರೂಪಿಸಿದ, ಹೊಗೆ ಕೊಳವೆಯುಳ್ಳ ಅಸ್ತ್ರ ಒಲೆಯನ್ನು ನಮ್ಮ ರಾಜ್ಯದ ಹಳ್ಳಿಗಳಲ್ಲಿ 1980ರ ದಶಕದಲ್ಲಿ ಬಳಕೆಗೆ ತರಲಾಯಿತು. ಅಂಥ ಕೊಳವೆಯ ಒಲೆಯಿಂದ ಹೆಣ್ಣುಮಕ್ಕಳ ಕಣ್ಣು, ಎದೆಗಳ ರಕ್ಷಣೆಯಾಗುವುದಲ್ಲದೆ ಹೊಗೆಗಂಟೆಯ ಕಾಟವೂ ತಪ್ಪುತ್ತದೆ. ಒಲೆ ಮತ್ತು ಹಾಸಿಗೆ ಒಂದೇ ಕೋಣೆಯಲ್ಲಿದ್ದು ಕೊಳವೆ ಇಲ್ಲದಿದ್ದರೆ ಹೊಗೆಗಂಟೆ ಅಲ್ಲಿ ನೆಲೆ ನಿಲ್ಲುವುದು ಕಷ್ಟ.

ಕಬ್ಬಿನ ರವದಿ ಸುಡುವ ಹೊಗೆ ಮನೆಯೊಳಗೆ ಬಂದಾಗ, ಹಬ್ಬದ ದಿನ ಲೋಬಾನ, ಕರ್ಪೂರ ಹೆಚ್ಚಾದಾಗ ಗಂಟೆ ಕೂಗಿದರೆ ಅದರ ಮೇಲಿನ ಗುಂಡಿಯನ್ನು ಒತ್ತಿರಿ. ಹೆಚ್ಚಿನ ಮಾದರಿಗಳಲ್ಲಿ ಕೆಲವು ನಿಮಿಷ ಸುಮ್ಮನಾಗಿ ಮತ್ತೆ ತಾನಾಗಿಯೇ ಕಾವಲಿಗೆ ನಿಲ್ಲುತ್ತದೆ. ಬಾಗಿಲು ತೆರೆದು ಗಾಳಿ ಬಿಡಿರಿ. ಬ್ಯಾಟರಿಯನ್ನು ಮಾತ್ರ ತೆಗೆಯಬೇಡಿರಿ.

ಪಾಲನೆಯ ಕ್ರಮ

ಎತ್ತಿಗೆ ಮೇವು, ಪಂಪಿಗೆ ಎಣ್ಣೆ ಇದ್ದಂತೆ ಹೊಗೆಗಂಟೆಗೂ ನಿಯಮಿತ ಪಾಲನೆ ಬೇಕು. ದಿನಾಂಕ ಮರೆಯುವುದು ಸಹಜವಾದುದರಿಂದ ನಮ್ಮ ಹಬ್ಬ ಹುಣ್ಣಿಮೆಗಳಿಗೇ ಇದನ್ನು ಜೋಡಿಸುವುದು ಅನುಕೂಲ.

1. ಪ್ರತಿ ಅಮಾವಾಸ್ಯೆ: ಬಹಳ ಕಡೆ ಅಂದು ಎತ್ತು ಹೂಡುವುದಿಲ್ಲ, ಮನೆಯಲ್ಲಿ ಬಿಡುವಿರುತ್ತದೆ. ಕೋಲಿನ ತುದಿಯಿಂದ ಪರೀಕ್ಷೆಯ ಗುಂಡಿಯನ್ನು ಸದ್ದು ಬರುವವರೆಗೆ ಒತ್ತಿ ಹಿಡಿಯಿರಿ. ಒಬ್ಬರು ಗುಂಡಿ ಒತ್ತುವಾಗ ಉಳಿದವರು ತಾವು ಮಲಗುವ ಜಾಗದಲ್ಲಿಯೇ ಬಾಗಿಲು ಮುಚ್ಚಿಕೊಂಡು ಕೇಳಬೇಕು. ನಮ್ಮ ಹಳೆಯ ಮನೆಗಳ ಗೋಡೆ ದಪ್ಪ. ಪಡಸಾಲೆಯ ಸದ್ದು ಒಳಕೋಣೆಗೆ ಕೇಳಿಸದಿದ್ದರೆ ಇನ್ನೊಂದು ಗಂಟೆ ಬೇಕಾಗುತ್ತದೆ.

2. ಮೂರು ತಿಂಗಳಿಗೊಮ್ಮೆ: ಮೆತ್ತನೆಯ ಒಣ ಕುಂಚದಿಂದ ಕಿಂಡಿಗಳ ಮೇಲಿನ ಧೂಳು, ಜೇಡರಬಲೆ ತೆಗೆಯಿರಿ. ನೀರು, ಸಾಬೂನು, ಸೀಮೆಎಣ್ಣೆ ತಾಗಿಸಬೇಡಿರಿ. ಬಾಯಿಂದ ಊದಿದರೆ ಧೂಳು ಒಳಗೆ ಹೋಗುತ್ತದೆ. ಗೂಡನ್ನು ಬಿಚ್ಚಬೇಡಿರಿ. ರಾಮದುರ್ಗದ ಕಡೆಗೆ ಮನೆಯಲ್ಲಿಯೇ ಮಗ್ಗವಿದ್ದವರು ಮತ್ತು ಹತ್ತಿ ತುಂಬಿದ ಕೋಣೆಯಲ್ಲಿ ಗಂಟೆ ಇಟ್ಟವರು ನೂಲಿನ ನವಿರು ಕೂಡುವುದರಿಂದ ಹದಿನೈದು ದಿನಗಳಿಗೊಮ್ಮೆ ಈ ಕೆಲಸ ಮಾಡಬೇಕು. ರಾಶಿಯ ಕಾಲ ಮುಗಿದ ಮೇಲೆಯೂ ಒಮ್ಮೆ ತಪ್ಪದೆ ಒರೆಸಿರಿ.

3. ಯುಗಾದಿಗೆ: ವರ್ಷಕ್ಕೊಮ್ಮೆ ಬ್ಯಾಟರಿ ಬದಲಿಸಿರಿ. ಹೆಚ್ಚಿನ ಗಂಟೆಗಳಿಗೆ 9 ವೋಲ್ಟಿನ ಚೌಕು ಬ್ಯಾಟರಿ ಬೇಕಾಗುತ್ತದೆ. ಕೆಲವಕ್ಕೆ ಬೇರೆ ಬಗೆಯವು ಬೇಕು. ಗಂಟೆಯ ಮೇಲೆ ಬರೆದ ಜಾತಿಯದನ್ನೇ ಹಾಕಿರಿ. ಬ್ಯಾಟರಿ ಹಾಕಿದ ದಿನಾಂಕವನ್ನು ಅದರ ಮೇಲೆಯೇ ಬರೆಯಿರಿ. ಹಾಕಿದ ನಂತರ ಗುಂಡಿ ಒತ್ತಿ ನೋಡಲು ಮರೆಯಬೇಡಿರಿ. 10 ವರ್ಷ ಬಾಳುವ, ಒಳಗೇ ಮುಚ್ಚಿದ ಬ್ಯಾಟರಿಯ ಗಂಟೆಗಳೂ ಇವೆ. ಅವಕ್ಕೆ ಬ್ಯಾಟರಿ ಬದಲಿಸುವ ಕೆಲಸವಿಲ್ಲ, ಆದರೆ ತಿಂಗಳ ಪರೀಕ್ಷೆ ತಪ್ಪಿಸುವಂತಿಲ್ಲ.

4. ಸುಣ್ಣ-ಬಣ್ಣದ ಕಾಲದಲ್ಲಿ: ದಸರೆ, ದೀಪಾವಳಿಗೆ ಮನೆ ಸಾರಿಸಿ ಸುಣ್ಣ ಬಳಿಯುವಾಗ ಗಂಟೆಗೆ ಪ್ಲಾಸ್ಟಿಕ್ ಚೀಲ ಕಟ್ಟಿರಿ. ಕೆಲಸ ಮುಗಿದ ಸಂಜೆಯೇ ಚೀಲ ಬಿಚ್ಚಿರಿ. ಗಂಟೆಯ ಮೇಲೆ ಬಣ್ಣ ಬಳಿಯಕೂಡದು.

5. ಹತ್ತು ವರ್ಷಕ್ಕೆ: ಗುಂಡಿ ಒತ್ತಿದಾಗ ಸದ್ದು ಬರುತ್ತಿದ್ದರೂ ತಯಾರಾದ ದಿನದಿಂದ 10 ವರ್ಷ ತುಂಬಿದ ಗಂಟೆಯನ್ನು ಬದಲಿಸಬೇಕು. ಒಳಗಿನ ಬೆಳಕಿನ ಕಣ್ಣು ಕಾಲಕ್ರಮದಲ್ಲಿ ಮಂಕಾಗುತ್ತದೆ.

ಗಂಟೆಯು ಅರ್ಧ ಅಥವಾ ಒಂದು ನಿಮಿಷಕ್ಕೊಮ್ಮೆ ಹಕ್ಕಿಯಂತೆ ಚಿಕ್ಕದಾಗಿ "ಚಿಂವ್" ಎನ್ನುತ್ತಿದ್ದರೆ ಬ್ಯಾಟರಿ ಮುಗಿಯುತ್ತ ಬಂದಿದೆ ಎಂದರ್ಥ. ಕಿರಿಕಿರಿಯೆಂದು ಬ್ಯಾಟರಿ ತೆಗೆದು ಗೂಡಿನಲ್ಲಿಡದೆ ಮುಂದಿನ ಸಂತೆಯೊಳಗಾಗಿ ಹೊಸದನ್ನು ತರಿಸಿರಿ. ಗಂಟೆಯ ಬ್ಯಾಟರಿಯನ್ನು ಮಕ್ಕಳ ಆಟಿಗೆಗೆ, ರೇಡಿಯೋಕ್ಕೆ ಹಾಕುವ ರೂಢಿ ಬೇಡ.

ಗಂಟೆ ಕೂಗಿದಾಗ

ಕೂಗನ್ನು ಕೇಳಿ ಏನು ಮಾಡಬೇಕೆಂಬುದನ್ನು ಮೊದಲೇ ಮನೆಮಂದಿಯೆಲ್ಲ ಕೂಡಿ ಗೊತ್ತುಮಾಡಿಕೊಂಡಿರಬೇಕು.

ಚಿಕ್ಕ ಮಕ್ಕಳು ಗಂಟೆಯ ಸದ್ದಿಗೆ ಎಚ್ಚರಗೊಳ್ಳದೆ ಇರಬಹುದು. ಕಿವಿ ಮಂದವಾದ ಹಿರಿಯರಿಗೂ ಕೇಳಿಸದು. ಯಾರನ್ನು ಯಾರು ಎಬ್ಬಿಸಿ ಕರೆತರಬೇಕೆಂದು ಹೆಸರು ಹಿಡಿದು ನಿಶ್ಚಯಿಸಿರಿ. ಹೊಗೆಯಲ್ಲಿ ನೆಟ್ಟಗೆ ನಡೆಯಬಾರದು. ನೆಲದ ಹತ್ತಿರದ ಗಾಳಿ ಶುದ್ಧವಿರುವುದರಿಂದ ಬಾಗಿ ಅಥವಾ ತೆವಳಿ ಹೊರಬರಬೇಕು. ಹೊರಬರುವ ದಾರಿಯಲ್ಲಿ ಸಿಕ್ಕರೆ ಮಾತ್ರ ಮೇನ್ ಸ್ವಿಚ್ ತೆಗೆಯಿರಿ. ಮನೆಯ ಹೊರಗೆ ಕಟ್ಟೆ, ಬೇವಿನ ಮರ ಇಂಥ ಒಂದು ಗುರುತಿನ ಸ್ಥಳದಲ್ಲಿ ಎಲ್ಲರೂ ಸೇರಿ ತಲೆ ಎಣಿಸಿರಿ. ನಂತರ 112 ಅಥವಾ ಅಗ್ನಿಶಾಮಕ ದಳದ 101ಕ್ಕೆ ಕರೆ ಮಾಡಿ ಊರು, ಓಣಿ, ದಾರಿಯ ಗುರುತು ಹೇಳಿರಿ. ಹಣ, ಬಂಗಾರ, ಕಾಗದಪತ್ರಗಳಿಗಾಗಿ ಯಾರೂ ಮತ್ತೆ ಒಳಗೆ ಹೋಗಕೂಡದು.

ತಲೆಬಾಗಿಲಿನ ಅಗಳಿ ಸುಲಭವಾಗಿ ತೆಗೆಯುವಂತಿರಲಿ. ಒಳಗಿನಿಂದ ಬೀಗ ಹಾಕುವವರು ಕೀಲಿಯನ್ನು ಬಾಗಿಲ ಪಕ್ಕದ ಒಂದೇ ಗೂಟಕ್ಕೆ ಹಾಕಬೇಕು. ದನಗಳನ್ನು ಒಂದೆಳೆತಕ್ಕೆ ಬಿಚ್ಚುವಂಥ ಗಂಟಿನಿಂದ ಕಟ್ಟಿರಿ. ಹಗ್ಗ ಕೊಯ್ಯಲು ಒಂದು ಕುಡುಗೋಲು ಬಾಗಿಲ ಬಳಿ ಇರಲಿ.

ಹತ್ತಿಯ ರಾಶಿಗೆ ಒಂದೆರಡು ಕೊಡ ನೀರು ಸುರಿದು ಬೆಂಕಿ ಆರಿತೆಂದು ತಿಳಿಯಬಾರದು. ಹತ್ತಿಯ ಎಳೆಯ ಮೇಲೆ ಸಹಜವಾದ ಮೇಣದ ಲೇಪವಿರುವುದರಿಂದ ನೀರು ಒಳಗೆ ಇಳಿಯದೆ ಜಾರುತ್ತದೆ. ಮೇಲೆ ತೊಯ್ದು ಒಳಗೆ ಬೆಂಕಿ ಉಳಿದು, ಮರುದಿನ ಮತ್ತೆ ಏಳುವುದುಂಟು. ಬೆಂಕಿ ಒಂದೇ ಚೀಲದಲ್ಲಿದ್ದು, ಹೊರಗೆ ಹೋಗುವ ದಾರಿ ನಿಮ್ಮ ಬೆನ್ನ ಹಿಂದೆ ತೆರೆದಿದ್ದರೆ ಮಾತ್ರ ಚೀಲವನ್ನು ತೋಯಿಸಿ ಬಯಲಿಗೆ ಎಳೆಯಿರಿ. ಬಣವೆಯಿಂದ ದೂರದಲ್ಲಿ ಹತ್ತಿಯನ್ನು ಹರಡಿ ಪೂರ್ತಿ ನೆನೆಸಿರಿ. ಕೋಣೆಯಲ್ಲಿ ಹೊಗೆ ತುಂಬಿದ್ದರೆ ಬಾಗಿಲು ಮುಚ್ಚಿಕೊಂಡು ಹೊರಬಂದು ಅಗ್ನಿಶಾಮಕ ದಳಕ್ಕೆ ಬಿಡಿರಿ.

ಎಲ್ಲಮ್ಮನ ಜಾತ್ರೆಗೆಂದು ಬನದ ಹುಣ್ಣಿಮೆ, ಭರತ ಹುಣ್ಣಿಮೆಗಳಲ್ಲಿ ಮನೆಗೆ ಬೀಗ ಹಾಕಿ ಸವದತ್ತಿಯ ಗುಡ್ಡಕ್ಕೆ ಹೋಗುವ ಕುಟುಂಬಗಳು ಅನೇಕ. ಹತ್ತಿ ಮನೆಯಲ್ಲಿರುವ ಕಾಲವೂ ಅದೇ. ಖಾಲಿ ಮನೆಯಲ್ಲಿ ಗಂಟೆ ಕೂಗಿದರೆ ಕೇಳುವವರು ಬೇಕು. ಹೊರಡುವ ಮುನ್ನ ನೆರೆಯವರಿಗೆ ಆ ಸದ್ದನ್ನು ಒಮ್ಮೆ ಕೇಳಿಸಿ, ಕೀಲಿಯನ್ನೂ ನಿಮ್ಮ ಫೋನ್ ನಂಬರನ್ನೂ ಕೊಟ್ಟು ಹೋಗಿರಿ. ಮೇನ್ ಸ್ವಿಚ್ ಮತ್ತು ಗ್ಯಾಸಿನ ರೆಗ್ಯುಲೇಟರ್ ಬಂದ್ ಮಾಡಿರಿ.

ಹೊಗೆಗಂಟೆ ಮಾಡದ ಕೆಲಸಗಳು

ಹೊಗೆಗಂಟೆ ಬೆಂಕಿಯನ್ನು ತಡೆಯುವುದಿಲ್ಲ, ಆರಿಸುವುದೂ ಇಲ್ಲ. ಅಡಿಗೆ ಗ್ಯಾಸ್ ಸೋರಿದರೆ ಅದಕ್ಕೆ ತಿಳಿಯುವುದಿಲ್ಲ. ಆ ಅನಿಲ ಗಾಳಿಗಿಂತ ಭಾರವಾಗಿದ್ದು ನೆಲದ ಮೇಲೆ ಹರಡುತ್ತದೆ. ಅದರ ವಾಸನೆ ಬಂದಾಗ ಸ್ವಿಚ್ ಮುಟ್ಟದೆ, ಕಡ್ಡಿ ಗೀರದೆ, ಬಾಗಿಲು ತೆರೆದು ಹೊರಬಂದು 1906ಕ್ಕೆ ಕರೆ ಮಾಡಬೇಕು. ಹಿತ್ತಲಿನ ಬಣವೆಗೆ ಬೆಂಕಿ ಬಿದ್ದರೂ ಒಳಗಿನ ಗಂಟೆಗೆ ತಡವಾಗಿ ತಿಳಿಯುತ್ತದೆ. ಆದ್ದರಿಂದ ಬಣವೆಯನ್ನು ಮನೆಯಿಂದ ಮತ್ತು ವಿದ್ಯುತ್ ತಂತಿಯಿಂದ ದೂರ ಒಟ್ಟುವುದು, ಹತ್ತಿಯ ಕೋಣೆಯಲ್ಲಿ ಬೀಡಿ, ಚಿಮಣಿ, ಸೊಳ್ಳೆ ಬತ್ತಿ ಹಚ್ಚದಿರುವುದು, ಸಿಪ್ಪೆ ಸುಲಿದ ತಂತಿಗಳನ್ನು ಬದಲಿಸುವುದು, ಆರಿದೆಯೆಂದು ಖಾತ್ರಿಯಾಗದ ಬೂದಿಯನ್ನು ತಿಪ್ಪೆಗೆ ಚೆಲ್ಲದಿರುವುದು, ಇವೆಲ್ಲ ಗಂಟೆ ಇದ್ದರೂ ಬಿಡಲಾಗದ ಕೆಲಸಗಳು.

ಬೆಲೆ ಏರಲೆಂದು ಹತ್ತಿಯನ್ನು ಬೈಲಹೊಂಗಲದ ಪೇಟೆಗೆ ಕಳಿಸದೆ ಮನೆಯಲ್ಲಿಟ್ಟುಕೊಳ್ಳುವ ರೈತ ಬಾಂಧವರು ಆ ಹತ್ತಿಯ ಮಗ್ಗುಲಲ್ಲಿಯೇ ತಮ್ಮ ಮಕ್ಕಳು ಮಲಗುತ್ತಾರೆಂಬುದನ್ನು ನೆನಪಿನಲ್ಲಿಡಬೇಕು. ಹೊಗೆಗಂಟೆ ಈಗಾಗಲೇ ಮನೆಯಲ್ಲಿದ್ದರೆ ಇಂದೇ ಗುಂಡಿ ಒತ್ತಿ ನೋಡಿರಿ. ಇಲ್ಲದಿದ್ದರೆ ಮುಂದಿನ ಹತ್ತಿ ಬಿಡಿಸುವುದರೊಳಗಾಗಿ ಒಂದನ್ನು ತಂದು ಕೂಡ್ರಿಸಿ, ಪ್ರತಿ ಅಮಾವಾಸ್ಯೆಗೆ ಎರಡು ನಿಮಿಷ ಅದಕ್ಕಾಗಿ ತೆಗೆದಿಡಿರಿ.